ಔರಾದಿಗೆ ಸಿಗದ ಗಡುವು

'ಹೊರಗಿನವರು ಬಂದು ನಮ್ಮ ಕೆಲಸ ಕಿತ್ಕೊಂಡ್ರು' ಅನ್ನೋ ಮಾತು ನಮ್ಮ ಬೀದರಿಗೆ ಹೊಸದಲ್ಲ. ನೌಬಾದದ ಸುರಂಗ ಬಾವಿಗೆ ತಂತ್ರ ಬಂದಿದ್ದು ಪರ್ಷಿಯಾದಿಂದ. ಅದನ್ನು ತೋಡಿಸಿದ ಬಹಮನಿಗಳ ದರ್ಬಾರಿನಲ್ಲೇ ಸ್ಥಳೀಯ ದಖನಿಗಳಿಗೂ ಹೊರಗಿನಿಂದ ಬಂದ ಆಫಾಕಿಗಳಿಗೂ ಅಧಿಕಾರಕ್ಕಾಗಿ ಜಗಳ. 1481ರಲ್ಲಿ ಆ ಜಗಳಕ್ಕೆ ಮಹಮೂದ್ ಗವಾನನ ತಲೆಯೇ ಹೋಯಿತು.

1919ರಲ್ಲಿ ನಿಜಾಮರು ಇದಕ್ಕೊಂದು ನಿಯಮವನ್ನೇ ಮಾಡಿದರು. ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಅಂದರೆ ನಾಡಿನವರಿಗೆ. ಹೊರಗಿನಿಂದ ಬಂದವನು ಮುಲ್ಕಿ ಆಗಬೇಕಾದರೆ 15 ವರ್ಷ ಇಲ್ಲೇ ನೆಲೆಸಿರಬೇಕು, ಹಳೆಯ ಊರಿಗೆ ಮರಳುವ ಯೋಚನೆ ಬಿಟ್ಟಿರಬೇಕು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ನಮ್ಮ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ ಮೈಸೂರಿಗೆ, ಉದಗೀರ, ನಿಲಂಗಾ ಮುಂಬಯಿಗೆ, ನಾರಾಯಣಖೇಡ ಆಂಧ್ರಕ್ಕೆ. ಮರುವರ್ಷ ಸಂಸತ್ತು ಸರ್ಕಾರಿ ನೌಕರಿಗಿದ್ದ ಇಂಥ ವಾಸದ ಷರತ್ತುಗಳನ್ನು ತೆಗೆಯುವ ಕಾಯ್ದೆ ಮಾಡಿತು. ಆದರೆ ತೆಲಂಗಾಣಕ್ಕೆ ವಿನಾಯಿತಿ ಕೊಟ್ಟಿತು. ನಾರಾಯಣಖೇಡದ ಹುಡುಗನಿಗೆ ರಕ್ಷಣೆ ಉಳೀತು, ಪಕ್ಕದ ಔರಾದಿನ ಹುಡುಗನಿಗೆ ಇಲ್ಲ! ಉರ್ದು ಆಡಳಿತದಲ್ಲಿ ಬೆಳೆದ ಅವನು ರಾತ್ರೋರಾತ್ರಿ ಮೈಸೂರು, ಬೆಂಗಳೂರಿನ ಪದವೀಧರರ ಜೊತೆ ಸ್ಪರ್ಧೆಗಿಳಿಯಬೇಕಾಯಿತು.

ಯುರೋಪ್ ನೋಡಿ. 2004ರಲ್ಲಿ ಐರೋಪ್ಯ ಒಕ್ಕೂಟಕ್ಕೆ ಹತ್ತು ದೇಶ ಸೇರಿದವು. ಅವುಗಳಲ್ಲಿ ಪೋಲೆಂಡಿನಂಥ ಎಂಟು ದೇಶಗಳ ಕೆಲಸಗಾರರಿಗೆ ಬಾಗಿಲು ತೆರೆಯಲು ಹಳೆಯ ಸದಸ್ಯರಿಗೆ ಏಳು ವರ್ಷದವರೆಗೆ ಗಡುವಿತ್ತು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಕೂಡಲೇ ತೆರೆದವು. ಜರ್ಮನಿ 2011ರವರೆಗೆ ಕಾಯಿತು. ಅಲ್ಲಿ ಹೆದರಿದ್ದು ಸಿರಿವಂತರು, ಅವರಿಗೇ ಸಮಯ ಸಿಕ್ಕಿತು. ಇಲ್ಲಿ ಸಮಯ ಬೇಕಿದ್ದದ್ದು ಹೊಸದಾಗಿ ಸೇರಿದ ಬಡ ಜಿಲ್ಲೆಗಳಿಗೆ. ಸಿಗಲಿಲ್ಲ.

ಸಿಕ್ಕಿದ್ದು 2012ರ ಸಂವಿಧಾನ ತಿದ್ದುಪಡಿಯಿಂದ. 371ಜೆ ಬಂತು, ಮರುವರ್ಷ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85 ಸ್ಥಳೀಯರಿಗೆ ಮೀಸಲಾದವು. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಹಳೆಯ ರಾಜಧಾನಿ ಹೈದರಾಬಾದ್ ಹತ್ತಿರವೇ ಇದ್ದರೂ ಅಲ್ಲಿನ ಸರ್ಕಾರಿ ನೌಕರಿಗೆ 371ಡಿ ಅಡ್ಡ.

ಆಫೀಸಿನಲ್ಲಿ ಯಾರಾದರೂ 'ಕಲ್ಯಾಣ ಕರ್ನಾಟಕದವರಿಗೆ ಯಾಕ್ರೀ ಸ್ಪೆಷಲ್ ಕೋಟಾ?' ಅಂದರೆ ನಾನು ಈ ಕಥೆ ಹೇಳ್ತೀನಿ. 1956ರಲ್ಲೇ ಕೊಡಬೇಕಿದ್ದ ಗಡುವು ಇದು, ತಡವಾಗಿ ಬಂದಿದೆ. ಆದರೆ 371ಜೆಗೆ ಮುಕ್ತಾಯದ ದಿನಾಂಕವಿಲ್ಲ. ಔರಾದಿನ ಶಾಲೆ ಸುಧಾರಿಸದೆ ಹೋದರೆ ಇನ್ನೂ ಎರಡು ತಲೆಮಾರು ನಾವು ಕೋಟಾದ ಲೆಕ್ಕವನ್ನೇ ಹಾಕುತ್ತಾ ಕೂರಬೇಕಾದೀತು.