ದೀರ್ಘಾವಧಿ ಬಾಹ್ಯಾಕಾಶ ಯಾನದಲ್ಲಿ ಯಾತ್ರಿಗಳ ಆರೋಗ್ಯ ರಕ್ಷಣೆ

ಪೀಠಿಕೆ

ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಪರಿಭ್ರಮಿಸುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ನೇ ಇಸವಿಯ ನವೆಂಬರ್ 2ರಿಂದ ಮಾನವರು ನಿರಂತರವಾಗಿ ವಾಸಿಸುತ್ತಿದ್ದಾರೆ. ಒಂದೇ ಯಾನದಲ್ಲಿ ಅತಿ ಹೆಚ್ಚು ದಿನ ಬಾಹ್ಯಾಕಾಶದಲ್ಲಿದ್ದ ದಾಖಲೆಯು ರಷ್ಯಾದ ವೈದ್ಯ ವ್ಯಾಲೆರಿ ಪೊಲ್ಯಾಕೊವ್ ಅವರದಾಗಿದ್ದು, 1994-95ರಲ್ಲಿ ಅವರು ಮಿರ್ ನಿಲ್ದಾಣದ ಯಾನದಲ್ಲಿ 437 ದಿನಗಳನ್ನು ಕಳೆದರು. ತೂಕರಹಿತ ಸ್ಥಿತಿಗೆ ದೇಹವು ಬೇಗನೆ ಹೊಂದಿಕೊಳ್ಳುತ್ತದೆ. ಆದರೆ ಆ ಹೊಂದಾಣಿಕೆಯೇ ಭೂಮಿಗೆ ಮರಳಿದಾಗ ತೊಂದರೆಯಾಗಿ ಪರಿಣಮಿಸುತ್ತದೆ. 1970ರಲ್ಲಿ ಸೋಯುಜ್-9 ನೌಕೆಯಲ್ಲಿ 18 ದಿನ ಕಳೆದು ಮರಳಿದ ಇಬ್ಬರು ಯಾತ್ರಿಗಳಿಗೆ ನಡೆಯುವುದೇ ಕಷ್ಟವಾಗಿತ್ತು. ಅಂದಿನಿಂದ ರೂಪುಗೊಂಡ ರಕ್ಷಣಾ ತಂತ್ರಜ್ಞಾನಗಳ ಪೈಕಿ ಪ್ರಮುಖವಾದವುಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಮೂಳೆ ಮತ್ತು ಸ್ನಾಯುಗಳು

ದೇಹದ ಭಾರ ಹೊರುವ ಕೆಲಸವಿಲ್ಲದ ಕಾರಣ ಸೊಂಟ ಮತ್ತು ಕಾಲಿನ ಮೂಳೆಗಳು ಸೂಕ್ತ ಕ್ರಮಗಳಿಲ್ಲದಿದ್ದಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ. ಇದನ್ನು ತಡೆಯಲು ಯಾತ್ರಿಗಳು ಪ್ರತಿದಿನ ಎರಡು ಗಂಟೆಗೂ ಹೆಚ್ಚು ಸಮಯವನ್ನು ವ್ಯಾಯಾಮಕ್ಕೆ ಮೀಸಲಿಡುತ್ತಾರೆ. ತೂಕದ ಗುಂಡುಗಳಿಂದ ಅಲ್ಲಿ ಪ್ರಯೋಜನವಿಲ್ಲ. ಆದುದರಿಂದ 2008ರಲ್ಲಿ ಕಳುಹಿಸಲಾದ ವ್ಯಾಯಾಮ ಯಂತ್ರದಲ್ಲಿ ನಿರ್ವಾತ ಸಿಲಿಂಡರ್‌ಗಳ ಎಳೆತದಿಂದ ಸುಮಾರು 270 ಕಿ.ಗ್ರಾಂ. ವರೆಗಿನ ಭಾರಕ್ಕೆ ಸಮನಾದ ಪ್ರತಿರೋಧವನ್ನು ಒದಗಿಸಲಾಗುತ್ತದೆ. ಟ್ರೆಡ್‌ಮಿಲ್‌ನಲ್ಲಿ ಓಡುವವರನ್ನು ಭುಜ ಹಾಗೂ ಸೊಂಟದ ಪಟ್ಟಿಗಳು ಕೆಳಗೆ ಹಿಡಿದಿಡುತ್ತವೆ. ಈ ವ್ಯಾಯಾಮದ ಜೊತೆಗೆ ಸಾಕಷ್ಟು ಆಹಾರ ಮತ್ತು ವಿಟಮಿನ್ ಡಿ ಪಡೆದವರಲ್ಲಿ ಮೂಳೆ ಸವೆತ ಗಣನೀಯವಾಗಿ ತಗ್ಗಿರುವುದು ಕಂಡುಬಂದಿದೆ.

2. ಕಣ್ಣು ಮತ್ತು ರಕ್ತಪರಿಚಲನೆ

ಗುರುತ್ವದ ಎಳೆತ ಅನುಭವಕ್ಕೆ ಬಾರದಿರುವುದರಿಂದ ದೇಹದ ದ್ರವಗಳು ತಲೆಯ ಕಡೆಗೆ ಸರಿಯುತ್ತವೆ. ಕೆಲವು ಯಾತ್ರಿಗಳಲ್ಲಿ ಕಣ್ಣಿನ ನರದ ತುದಿ ಊದಿಕೊಂಡು, ಹತ್ತಿರದ ದೃಷ್ಟಿ ಮಂದವಾಗುತ್ತದೆ. ಕಣ್ಣಿನ ನಿಯಮಿತ ತಪಾಸಣೆಗಾಗಿ ನಿಲ್ದಾಣದಲ್ಲಿಯೇ ಉಪಕರಣಗಳನ್ನು ಇರಿಸಲಾಗಿದೆ. ರಷ್ಯಾದ ‘ಚಿಬಿಸ್’ ಉಡುಪು ಸೊಂಟದ ಕೆಳಭಾಗದ ಸುತ್ತಲಿನ ಗಾಳಿಯ ಒತ್ತಡವನ್ನು ತಗ್ಗಿಸಿ ರಕ್ತವನ್ನು ಕಾಲುಗಳತ್ತ ಸೆಳೆಯುತ್ತದೆ.

3. ಗಾಳಿ ಮತ್ತು ನೀರು

ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಆಮ್ಲಜನಕವನ್ನು ಪಡೆಯಲಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡನ್ನು ಜಿಯೋಲೈಟ್ ಎಂಬ ಖನಿಜ ಪದಾರ್ಥವು ಹೀರಿಕೊಳ್ಳುತ್ತದೆ. ಮೂತ್ರ, ಬೆವರು ಮತ್ತು ಉಸಿರಿನ ತೇವವನ್ನು ಶುದ್ಧೀಕರಿಸಿ ಕುಡಿಯುವ ನೀರಾಗಿ ಪರಿವರ್ತಿಸುವ ವ್ಯವಸ್ಥೆಯು 2023ರಲ್ಲಿ ಶೇ. 98ರಷ್ಟು ನೀರಿನ ಮರುಬಳಕೆಯನ್ನು ಸಾಧಿಸಿತು.

4. ವಿಕಿರಣ

ವಿಕಿರಣದಿಂದ ರಕ್ಷಣೆ ಪಡೆಯುವ ವಿಧಾನವು ಇನ್ನೂ ಪೂರ್ಣವಾಗಿ ಸಿದ್ಧಿಸಿಲ್ಲ. ಭೂಮಿಯ ಕಾಂತಕ್ಷೇತ್ರವು ನಿಲ್ದಾಣಕ್ಕೆ ಸ್ವಲ್ಪಮಟ್ಟಿನ ಆಶ್ರಯ ನೀಡುತ್ತದೆ. ಮಂಗಳದ ಹಾದಿಯಲ್ಲಿ ಆ ಆಶ್ರಯವಿರುವುದಿಲ್ಲ. ಕ್ಯೂರಿಯಾಸಿಟಿ ನೌಕೆಯು 2011-12ರ ಪ್ರಯಾಣದಲ್ಲಿ ಮಾಡಿದ ಅಳತೆಗಳ ಪ್ರಕಾರ, ಮಂಗಳಕ್ಕೆ ಹೋಗಿಬರುವ ಪ್ರಯಾಣವೊಂದರಲ್ಲಿಯೇ ಸುಮಾರು 660 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ನಾಸಾ ತನ್ನ ಯಾತ್ರಿಗಳಿಗೆ ಇಡೀ ವೃತ್ತಿಜೀವನಕ್ಕೆ ನಿಗದಿಪಡಿಸಿರುವ ಮಿತಿ 600 ಮಿಲಿಸೀವರ್ಟ್. ಹೈಡ್ರೋಜನ್ ಹೇರಳವಾಗಿರುವ ಪಾಲಿಥಿಲೀನ್ ಮತ್ತು ನೀರು ಉತ್ತಮ ತಡೆಗಳಾಗಿದ್ದರೂ, ನಕ್ಷತ್ರಾಂತರ ಪ್ರದೇಶದಿಂದ ಬರುವ ಅತಿ ವೇಗದ ಕಣಗಳನ್ನು ಪೂರ್ಣವಾಗಿ ತಡೆಯಲಾರವು. 2022ರ ಆರ್ಟೆಮಿಸ್-1 ಯಾನದಲ್ಲಿ ಮಾನವಾಕೃತಿಯ ಎರಡು ಗೊಂಬೆಗಳನ್ನು ಚಂದ್ರನ ಬಳಿಗೆ ಕಳುಹಿಸಿ, ಒಂದಕ್ಕೆ ರಕ್ಷಾಕವಚ ತೊಡಿಸಿ ಪರೀಕ್ಷಿಸಲಾಯಿತು.

5. ವೈದ್ಯಕೀಯ ನೆರವು

ನಿಲ್ದಾಣದಲ್ಲಿದ್ದ ಯಾತ್ರಿಯೊಬ್ಬರ ಕುತ್ತಿಗೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಪತ್ತೆಯಾದ ಸಂಗತಿಯು 2020ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಯಾತ್ರಿಯು ಭೂಮಿಯ ವೈದ್ಯರ ನಿರ್ದೇಶನದಂತೆ ತಾವೇ ಪರೀಕ್ಷೆ ಮಾಡಿಕೊಂಡು, ಅಲ್ಲಿದ್ದ ಚುಚ್ಚುಮದ್ದನ್ನು ತೆಗೆದುಕೊಂಡರು. ನಂತರ ಸರಕು ನೌಕೆಯಲ್ಲಿ ಮಾತ್ರೆಗಳನ್ನು ಕಳುಹಿಸಲಾಯಿತು. ಮಂಗಳಯಾನದಲ್ಲಿ ಇಂತಹ ಸರಕು ನೌಕೆ ದೊರೆಯುವುದಿಲ್ಲ. ಒಂದು ಸಂದೇಶ ಭೂಮಿಗೆ ತಲುಪಲು 20 ನಿಮಿಷಕ್ಕೂ ಹೆಚ್ಚು ಸಮಯ ಬೇಕಾಗಬಹುದು. ಆದ್ದರಿಂದ ರೋಗ ಪತ್ತೆ ಮತ್ತು ಚಿಕಿತ್ಸೆಯನ್ನು ಯಾತ್ರಿಗಳೇ ನಿರ್ವಹಿಸುವಂತಹ ಉಪಕರಣಗಳು ಅವಶ್ಯಕವಾಗಿವೆ.

6. ಭಾರತದ ಪ್ರಯತ್ನಗಳು

1984ರಲ್ಲಿ ರಾಕೇಶ್ ಶರ್ಮಾ ಅವರು ಸಲ್ಯೂತ್-7 ನಿಲ್ದಾಣದಲ್ಲಿ ಯೋಗಾಭ್ಯಾಸವನ್ನು ಪ್ರಯೋಗವಾಗಿ ಕೈಗೊಂಡರು. ಗಗನಯಾನ ಯೋಜನೆಯ ಯಾತ್ರಿಗಳ ಆಯ್ಕೆಯಲ್ಲಿ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯು ಪಾತ್ರ ವಹಿಸಿದೆ. ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರವು 2019ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಶುಭಾಂಶು ಶುಕ್ಲಾ ಅವರು ನಿಲ್ದಾಣದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಸ್ನಾಯುಕೋಶಗಳ ಅಧ್ಯಯನವೂ ಸೇರಿತ್ತು.

ಸಾರಾಂಶ

ಈಗಿರುವ ವ್ಯವಸ್ಥೆಗಳು ಆರು ತಿಂಗಳಿಂದ ಒಂದು ವರ್ಷದವರೆಗಿನ ವಾಸಕ್ಕೆ ನೆರವಾಗಿವೆ. ಆದರೆ ಅವು ಭೂಮಿಯ ಸಾಮೀಪ್ಯವನ್ನು ಅವಲಂಬಿಸಿವೆ: ತುರ್ತು ಸಂದರ್ಭದಲ್ಲಿ ಯಾತ್ರಿಗಳು ಕೆಲವೇ ಗಂಟೆಗಳಲ್ಲಿ ಮರಳಬಹುದು, ಬಿಡಿಭಾಗ ಮತ್ತು ಔಷಧಿಗಳನ್ನು ಕಳುಹಿಸಬಹುದು. ಸುಮಾರು ಮೂರು ವರ್ಷಗಳ ಮಂಗಳಯಾನದಲ್ಲಿ ಈ ಎರಡೂ ಸೌಲಭ್ಯಗಳಿರುವುದಿಲ್ಲ. ಆದುದರಿಂದ ವಿಕಿರಣ ತಡೆ ಹಾಗೂ ಸ್ವಾವಲಂಬಿ ಚಿಕಿತ್ಸಾ ವ್ಯವಸ್ಥೆಗಳು ಸಿದ್ಧವಾಗುವುದು ಅಂತಹ ಯಾನಕ್ಕೆ ಅತ್ಯಗತ್ಯವಾಗಿರುತ್ತದೆ.