ಯುದ್ಧವಿಮಾನದ ಪ್ಲಾಸ್ಟಿಕ್ ಮಾದರಿ

ನಿಜವಾದ ವಿಮಾನವನ್ನು ಗೊತ್ತಾದ ಪ್ರಮಾಣಕ್ಕೆ ಇಳಿಸಿ ಅಚ್ಚುಹಾಕಿದ ಪಾಲಿಸ್ಟೈರೀನ್ ಬಿಡಿಭಾಗಗಳನ್ನು ಜೋಡಿಸಿ, ಬಣ್ಣ ಬಳಿದು ಸಿದ್ಧಪಡಿಸುವ ಪ್ರತಿಕೃತಿ. 72ಕ್ಕೆ 1 ಮತ್ತು 48ಕ್ಕೆ 1 ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳು. ಇದನ್ನು ಮಕ್ಕಳ ಆಟಿಕೆಯೆಂದು ಎಣಿಸುವುದು ರೂಢಿ. ಆದರೆ ಕಟ್ಟುವ ಕ್ರಮವನ್ನು ಗಮನಿಸಿದರೆ, ಇದು ಯಂತ್ರವೊಂದನ್ನು ಕೈಯಿಂದ ಓದುವ ವಿದ್ಯೆ. ಫಾಲೆಂಡ್ ಕಂಪನಿಯ ಪರವಾನಗಿ ಪಡೆದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ನ್ಯಾಟ್ ವಿಮಾನ ಇದಕ್ಕೆ ತಕ್ಕ ನಿದರ್ಶನ.

1955ರಲ್ಲಿ ಮೊದಲು ಹಾರಿದ, ಒಬ್ಬನೇ ಕೂರುವ ಈ ಜೆಟ್‌ನ ರೆಕ್ಕೆಯ ಹರವು 6.73 ಮೀಟರ್, 72ಕ್ಕೆ 1ರ ಮಾದರಿಯಲ್ಲಿ ಸುಮಾರು 9.3 ಸೆಂಟಿಮೀಟರ್. ಏರ್‌ಫಿಕ್ಸ್ ಕಂಪನಿಯ ಹೆಸರಾಂತ ನ್ಯಾಟ್ ಕಿಟ್ ಬ್ರಿಟನ್ನಿನ ಎರಡು ಆಸನದ ತರಬೇತಿ ವಿಮಾನದ್ದು. ಅದಕ್ಕೆ ಭಾರತದ ವಾಯುಪಡೆಯ ತ್ರಿವರ್ಣ ಚಕ್ರ ಅಂಟಿಸಿದ ಮಾತ್ರಕ್ಕೆ ನಮ್ಮ ನ್ಯಾಟ್ ಆಗದು. ಕಾಕ್‌ಪಿಟ್ಟೂ ಬೇರೆ, ರೆಕ್ಕೆಯೂ ಬೇರೆ. ನ್ಯಾಟ್‌ನಿಂದಲೇ ಎಚ್‌ಎಎಲ್ ರೂಪಿಸಿದ ಅಜೀತ್ ನೋಡುವುದಕ್ಕೆ ಹೆಚ್ಚುಕಡಿಮೆ ಅದೇ, ಆದರೆ ರೆಕ್ಕೆಯಡಿ ಎರಡು ತೂಗುಕೊಕ್ಕೆ ಹೆಚ್ಚು. ಇಂಧನವನ್ನು ರೆಕ್ಕೆಯೊಳಗೇ ತುಂಬಿಸಿದ್ದರಿಂದ ಹೊರಗಿನ ಟ್ಯಾಂಕುಗಳಿಗೆ ಮೀಸಲಾಗಿದ್ದ ಜಾಗ ಆಯುಧಗಳಿಗೆ ಬಿಡುವಾಯಿತು. ಕೊಕ್ಕೆ ಎಷ್ಟೆಂದು ಎಣಿಸಲು ಹೊರಟವನು ಅವು ಏಕೆ ಎಂಬುದಕ್ಕೂ ಬಂದು ಮುಟ್ಟುತ್ತಾನೆ.

ಭಾಗಗಳು ಸಿದ್ಧವಾಗಿಯೇ ಬರುವಾಗ ಅಂಟಿಸುವುದರಲ್ಲಿ ವಿದ್ಯೆ ಏನಿದೆ ಎಂಬ ಆಕ್ಷೇಪವಿದೆ. ಮೊದಲನೆಯದಾಗಿ, ಈ ಅಂಟು ಮಾಮೂಲಿ ಅಂಟಲ್ಲ. ಎರಡೂ ಅಂಚುಗಳನ್ನು ಕರಗಿಸಿ ಒಂದಾಗಿಸುವ ದ್ರಾವಕ. ಹೆಚ್ಚಾದರೆ ಮೈ ಕರಗುತ್ತದೆ, ಕಡಿಮೆಯಾದರೆ ಬಿರುಕು ಉಳಿಯುತ್ತದೆ. ಆ ಬಿರುಕಿಗೆ ಪುಟ್ಟಿ ತುಂಬಿ, ನೀರುಕಾಗದದಿಂದ ಉಜ್ಜಿ, ಬೆರಳ ತುದಿಗೆ ಗೆರೆ ತಾಕದಂತೆ ಮಾಡಬೇಕು. ಇನ್ನೊಂದು, ಸಮತೋಲ. ಮುಂದೊಂದು, ಹಿಂದೆರಡು ಗಾಲಿಯ ಮಾದರಿಯನ್ನು ಮೇಜಿನ ಮೇಲಿಟ್ಟರೆ ಅನೇಕ ವೇಳೆ ಬಾಲ ಊರಿ ಕೂತುಬಿಡುತ್ತದೆ. ಆದ್ದರಿಂದ ಮೈಯ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಮೂಗಿನೊಳಗೆ ಸೀಸದ ಗುಂಡು ಕೂರಿಸುತ್ತಾರೆ. ನಿಜವಾದ ವಿಮಾನದಲ್ಲಿ ಬಂದೂಕು, ಉಪಕರಣ, ಚಾಲಕ ಎಲ್ಲದರ ಭಾರವನ್ನೂ ಲೆಕ್ಕ ಹಾಕಿ ಸಾಧಿಸುವ ತೂಕದ ಹೊಂದಿಕೆ ಇಲ್ಲಿ ಒಂದು ಗುಂಡಿನಿಂದ ಕೈಗೆ ತಿಳಿಯುತ್ತದೆ.

ಯುದ್ಧಯಂತ್ರವನ್ನು ಶೋಕೇಸಿನಲ್ಲಿಡುವುದು ಯುದ್ಧವನ್ನು ವೈಭವೀಕರಿಸಿದಂತೆ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಅಂದದ ಬಣ್ಣಕ್ಕೇ ನಿಂತ ಕೆಲಸಕ್ಕೆ ಈ ಮಾತು ಅನ್ವಯಿಸೀತು. ಆದರೆ ಅಳತೆ ಸುಳ್ಳು ಹೇಳುವುದಿಲ್ಲ. 170 ಸೆಂಟಿಮೀಟರ್ ಎತ್ತರದ ಮನುಷ್ಯ 72ಕ್ಕೆ 1ರ ಪ್ರಮಾಣದಲ್ಲಿ ಸುಮಾರು 2.4 ಸೆಂಟಿಮೀಟರ್. ಅವನನ್ನು ಕಾಕ್‌ಪಿಟ್ಟಿನ ಇಕ್ಕಟ್ಟಿನ ಗೂಡಿನಲ್ಲಿ ಕೂರಿಸುವಾಗ, 1971ರ ಡಿಸೆಂಬರ್ 14ರಂದು ಶ್ರೀನಗರದಿಂದ ನ್ಯಾಟ್ ಹಾರಿಸಿ ಮಡಿದ, ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಎಷ್ಟು ಒಂಟಿಯಾಗಿದ್ದರೆಂಬುದು ಮನಸ್ಸಿಗೆ ತಟ್ಟುತ್ತದೆ.

ಇದು ಪರದೇಶದ ಹವ್ಯಾಸ, ಹಳ್ಳಿಗೆ ಸಲ್ಲದು ಎನ್ನುವವರೂ ಇದ್ದಾರೆ. ಕಿಟ್ ಹೊರಗಿನದು, ನಿಜ. ಕಂಡದ್ದನ್ನು ಕಿರಿದಾಗಿ ಕಟ್ಟುವ ಹಂಬಲ ಹೊರಗಿನದಲ್ಲ. ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಇರುವ ಎರೆಹೊಲದ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಎತ್ತಿನ ಜೋಡಿ ತಿದ್ದಿ ಪೂಜಿಸುತ್ತಾರೆ. ಅದಕ್ಕೆ ಅಳತೆಪಟ್ಟಿ ಬೇಡ, ಆದರೆ ಇಣಿ ಎಲ್ಲಿ ಏಳುತ್ತದೆ, ಕೋಡು ಹೇಗೆ ಬಾಗುತ್ತದೆ ಎಂಬುದನ್ನು ಕೊಟ್ಟಿಗೆಯಲ್ಲಿ ನೋಡಿದ ಕಣ್ಣು ಬೇಕು. ಆ ಕಣ್ಣಿಗೆ ಅಳತೆಯ ಶಿಸ್ತು ಕೂಡಿದರೆ ಅದೇ ಮಾದರಿಕಾರನ ವಿದ್ಯೆ.