ಗ್ರಾಫಿಕ್ಸ್ ಕಾರ್ಡ್: ಹೆಸರು ಒಂದು, ವೇಗ ಎರಡು

ಕಡಿಮೆ ಖರ್ಚಿನಲ್ಲಿ ಆಟಕ್ಕೆ ಒದಗುವ ಕಂಪ್ಯೂಟರನ್ನು ಜೋಡಿಸಿಕೊಳ್ಳಲು ಹೊರಟ ವಿದ್ಯಾರ್ಥಿಗೆ ಹೆಚ್ಚು ತಲೆನೋವು ತರುವ ಭಾಗವೆಂದರೆ ಗ್ರಾಫಿಕ್ಸ್ ಕಾರ್ಡ್. ಶೃಂಗೇರಿ ಸೀಮೆಯ ನೆಮ್ಮಾರಿನಂಥ ಊರಿನವರಿಗೆ ಇನ್ನೊಂದು ತೊಡಕೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಅಲ್ಲಿಂದ 300 ಕಿಲೋಮೀಟರಿಗೂ ಹೆಚ್ಚು ದೂರ. ತಂದದ್ದು ಸರಿಹೋಗದಿದ್ದರೆ ಮರಳಿಸಿ ಬರುವುದು ಸುಲಭವಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬುವ ಮುನ್ನ ಈ ಕಾರ್ಡು ಬೆಳೆದು ಬಂದ ಬಗೆಯನ್ನು ತಿಳಿದುಕೊಳ್ಳೋಣ.

1981ರಲ್ಲಿ ಐಬಿಎಂ ಪಿಸಿಗಾಗಿ ಬಂದ ಸಿಜಿಎ ಕಾರ್ಡಿನಲ್ಲಿ 16 ಕಿಲೋಬೈಟ್ ಮೆಮೊರಿ ಇತ್ತು. ಅಷ್ಟೇ ಏಕೆ? ಲೆಕ್ಕ ಹಾಕಿ ನೋಡಿ. ಪರದೆಯ ಮೇಲೆ 320×200, ಅಂದರೆ 64,000 ಪಿಕ್ಸೆಲ್‌ಗಳು. ನಾಲ್ಕು ಬಣ್ಣಗಳಲ್ಲಿ ಒಂದನ್ನು ಸೂಚಿಸಲು 2 ಬಿಟ್ ಸಾಕು. ಒಟ್ಟು 1,28,000 ಬಿಟ್ ಅಥವಾ 16,000 ಬೈಟ್. ಆ ಕಾರ್ಡು ಚಿತ್ರವನ್ನು ತಾನಾಗಿ ಬಿಡಿಸುತ್ತಿರಲಿಲ್ಲ. ಸಿಪಿಯು ಬರೆದಿಟ್ಟದ್ದನ್ನು ಪರದೆಗೆ ಸಾಗಿಸುತ್ತಿತ್ತು. 1987ರ ವಿಜಿಎ 256 ಬಣ್ಣಗಳನ್ನು ತಂದರೂ ದುಡಿಮೆ ಸಿಪಿಯುವಿನದೇ ಆಗಿತ್ತು. 1993ರ 'ಡೂಮ್' ಆಟದ ಗೋಡೆ, ಮೆಟ್ಟಿಲು, ರಾಕ್ಷಸರೆಲ್ಲ ಸಿಪಿಯು ಒಂದೇ ಲೆಕ್ಕ ಹಾಕಿ ಮೂಡಿಸಿದವು.

1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು ಬಂದಾಗ ಈ ಪದ್ಧತಿ ಬದಲಾಯಿತು. ಅದು ಮೂರು ಆಯಾಮದ ಚಿತ್ರಗಳನ್ನಷ್ಟೇ ರಚಿಸುತ್ತಿದ್ದುದರಿಂದ ಹಳೆಯ ಕಾರ್ಡೂ ಪಕ್ಕದಲ್ಲಿ ಇರಬೇಕಿತ್ತು. ಎರಡನ್ನೂ ಹೊರಗಿನಿಂದ ಒಂದು ಕೇಬಲ್ ಜೋಡಿಸುತ್ತಿತ್ತು. ಇದರ ಹಿಂದಿನ ತತ್ತ್ವವನ್ನು ಗದ್ದೆಯ ನಾಟಿಗೆ ಹೋಲಿಸಬಹುದು. ನಾಟಿಗೆ ಬೇಕಾದುದು ಒಬ್ಬ ಮಹಾ ಮೇಧಾವಿಯಲ್ಲ, ಒಂದೇ ಕೆಲಸವನ್ನು ಸಾಲಾಗಿ ಮಾಡುವ ನೂರು ಕೈಗಳು. ಒಂದು ಪಿಕ್ಸೆಲ್‌ನ ಬಣ್ಣದ ಲೆಕ್ಕ ಬಹುಮಟ್ಟಿಗೆ ಪಕ್ಕದ್ದನ್ನು ಅವಲಂಬಿಸಿಲ್ಲವಾದ್ದರಿಂದ ಸಾವಿರಾರು ಲೆಕ್ಕಗಳು ಏಕಕಾಲದಲ್ಲಿ ನಡೆಯಬಲ್ಲವು. 1999ರಲ್ಲಿ ಎನ್ವಿಡಿಯಾ ತನ್ನ ಜೀಫೋರ್ಸ್ 256 ಅನ್ನು 'ಜಿಪಿಯು' ಎಂದು ಕರೆದು ಮಾರಿತು. ಆಕೃತಿಗಳನ್ನು ತಿರುಗಿಸುವ, ಅವುಗಳ ಮೇಲೆ ಬೆಳಕು ಬೀಳಿಸುವ ಗಣಿತವೂ ಆಗ ಕಾರ್ಡಿನ ಪಾಲಿಗೆ ಬಂತು.

ನಮ್ಮ ರಾಜ್ಯಕ್ಕೂ ಈ ಕತೆಯಲ್ಲಿ ಪಾಲಿದೆ. ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಕಾ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದ್ದು 1997ರಲ್ಲಿ. ಎನ್ವಿಡಿಯಾ ಇಲ್ಲಿ ಕೆಲಸ ಆರಂಭಿಸಿದ್ದು 2004ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಸ್ಥಾಪಿತವಾದ 'ಸಹಸ್ರಟಿ' ಸೂಪರ್ ಕಂಪ್ಯೂಟರಿನಲ್ಲೂ ಜಿಪಿಯುಗಳಿದ್ದವು. ಆಟಕ್ಕಾಗಿ ಹುಟ್ಟಿದ ಯಂತ್ರ ಸಂಶೋಧನೆಗೂ ಒದಗಿತು ಎಂಬುದನ್ನು, ಮಕ್ಕಳ ಆಟವೆಂದು ಮೂಗು ಮುರಿಯುವ ಹಿರಿಯರು ಗಮನಿಸಬೇಕು!

ಇನ್ನು ಹೆಸರಿನ ವಿಚಾರ. 2001ರ ಜೀಫೋರ್ಸ್ 3ರಲ್ಲಿ ಬಣ್ಣ, ಬೆಳಕುಗಳ ಲೆಕ್ಕಕ್ಕೆ ಆಟದ ತಯಾರಕರೇ ಪ್ರೋಗ್ರಾಂ ಬರೆಯುವ ಸೌಲಭ್ಯವಿತ್ತು. ಮರುವರ್ಷ ಅಗ್ಗದ ದರಕ್ಕೆ ಬಂದ ಜೀಫೋರ್ಸ್ 4 ಎಂಎಕ್ಸ್‌ನಲ್ಲಿ ಅದು ಇರಲಿಲ್ಲ! 4 ಎಂಬುದು 3ಕ್ಕಿಂತ ಮುಂದಿನದೆಂದು ನಂಬಿ ಕೊಂಡವರಿಗೆ ದೊರೆತದ್ದು ಬಹುಮಟ್ಟಿಗೆ ಜೀಫೋರ್ಸ್ 2ರ ಕಾಲದ ತಂತ್ರಜ್ಞಾನ.

ಇದು ಹಳೆಯ ಕಾಲದ ಮಾತೆಂದು ತಿಳಿಯಬೇಡಿ. 2017ರಲ್ಲಿ ಜಿಟಿ 1030 ಎಂಬ ಅಗ್ಗದ ಕಾರ್ಡು ಜಿಡಿಡಿಆರ್5 ಮೆಮೊರಿಯೊಡನೆ ಬಂತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡು ಮಾರುಕಟ್ಟೆಗೆ ಇಳಿಯಿತು. ಎರಡರಲ್ಲೂ ಮೆಮೊರಿಯ ದಾರಿಯ ಅಗಲ 64 ಬಿಟ್, ಗಾತ್ರ 2 ಗಿಗಾಬೈಟ್. ಆದರೆ ಮೊದಲನೆಯದರಲ್ಲಿ ಪ್ರತಿ ತಂತಿಯಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ಹರಿದರೆ ಎರಡನೆಯದರಲ್ಲಿ 2.1 ಮಾತ್ರ. ಅಗಲವನ್ನು ಈ ವೇಗದಿಂದ ಗುಣಿಸಿ 8ರಿಂದ ಭಾಗಿಸಿ. ಮೊದಲನೆಯದಕ್ಕೆ ಸೆಕೆಂಡಿಗೆ 48 ಗಿಗಾಬೈಟ್, ಎರಡನೆಯದಕ್ಕೆ 16.8. ನೂರು ಜನ ಗದ್ದೆಗಿಳಿದಿದ್ದರೂ ಸಸಿಯ ಕಟ್ಟುಗಳನ್ನು ಹೊತ್ತು ತರುವವರು ಸಾಲದಿದ್ದರೆ ನಾಟಿ ಸಾಗುವುದಿಲ್ಲವಷ್ಟೆ? ಎರಡನೆಯ ಕಾರ್ಡಿನ ವೇಗ ಹಲವು ಆಟಗಳಲ್ಲಿ ಅರ್ಧದ ಹತ್ತಿರಕ್ಕೆ ಕುಸಿದದ್ದು ಪರೀಕ್ಷೆಗಳಲ್ಲಿ ಕಂಡುಬಂತು. 'ಎಷ್ಟು ಜಿಬಿ?' ಎಂಬ ಅಂಗಡಿಯ ಸಾಮಾನ್ಯ ಪ್ರಶ್ನೆಗೆ ಎರಡೂ ಕಾರ್ಡುಗಳ ಉತ್ತರ ಒಂದೇ ಎಂಬುದನ್ನು ನೋಡಿ.

ಹಾಗೆಂದು ಕೆಳಗಿನ ರೂಪವನ್ನು ಕೊಳ್ಳುವುದು ಯಾವಾಗಲೂ ತಪ್ಪೆನ್ನಲಾಗದು. 2022ರ ಆರ್‌ಟಿಎಕ್ಸ್ 3050 ಕಾರ್ಡಿನಲ್ಲಿ 8 ಗಿಗಾಬೈಟ್ ಮೆಮೊರಿ. ಅದು ಸೆಕೆಂಡಿಗೆ 224 ಗಿಗಾಬೈಟ್ ಸಾಗಿಸುತ್ತದೆ, ಬಳಸುವ ವಿದ್ಯುತ್ತು 130 ವಾಟ್. 2024ರಲ್ಲಿ ಅದೇ ಹೆಸರಿನಲ್ಲಿ ಬಂದ 6 ಗಿಗಾಬೈಟಿನದು 168 ಗಿಗಾಬೈಟ್ ಸಾಗಿಸುತ್ತದೆ, 70 ವಾಟ್ ಸಾಕು. ಇಲ್ಲಿ ನನ್ನ ಮತ ಎರಡನೆಯದರ ಕಡೆಗೂ ವಾಲುತ್ತದೆ. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ತಾನೇ 75 ವಾಟ್ ಒದಗಿಸಬಲ್ಲದು. ಕಚೇರಿಯಿಂದ ವಿಲೇವಾರಿಯಾದ ಹಳೆಯ ಕಂಪ್ಯೂಟರಿಗೆ ಕಾರ್ಡು ಸೇರಿಸುವವರು ಹೊಸ ಪವರ್ ಸಪ್ಲೈ ಕೊಳ್ಳುವ ಖರ್ಚನ್ನು ಇದರಿಂದ ಉಳಿಸಬಹುದು. ಕರೆಂಟು ಹೋಗಿ ಬರುವ ಮಳೆಗಾಲದ ಮಲೆನಾಡಿನಲ್ಲಿ ಯುಪಿಎಸ್ ಮೇಲಿನ ಹೊರೆ 60 ವಾಟ್ ತಗ್ಗುವುದೂ ಸಣ್ಣ ಲಾಭವಲ್ಲ.

ಬಳಸಿದ ಕಾರ್ಡುಗಳ ಬಗ್ಗೆ ಒಂದು ಮಾತು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ 'ಗಣಿಗಾರಿಕೆ'ಯಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳು, 2022ರ ಸೆಪ್ಟೆಂಬರ್‌ನಲ್ಲಿ ಆ ಪದ್ಧತಿ ನಿಂತ ಮೇಲೆ ಅಗ್ಗದ ದರಕ್ಕೆ ಹೊರಬಂದವು. ಅಂಥದ್ದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಅರ್ಧ ಗಂಟೆ ಆಟ ಓಡಿಸಿ, ಫ್ಯಾನಿನ ಸದ್ದು ಕೇಳಿ, ಉಷ್ಣತೆ ಎಷ್ಟಕ್ಕೆ ನಿಲ್ಲುತ್ತದೆಂದು ನೋಡಿಯೇ ಹಣ ಕೊಡಿ.